ಒಂದೇ ಏಟಿಗೆ ಬಿದ್ದ ಚಿಕ್ಕಪ್ಪ

ಕೈ ಕಟ್ಟಿ ಕೂತು ಕೇಳಿ. ಬೀರುವನ್ನು ಒಬ್ಬನೇ ಎತ್ತುವ ಆರಡಿ ಆಸಾಮಿಯನ್ನು ಒಂದೇ ಏಟಿಗೆ ಕೆಡವಿದ ಹುಡುಗನ ಕತೆ ಇದು. ನಿಮ್ಮ ಸಿನಿಮಾ ಹೀರೋಗಳು ಇವನ ಮುಂದೆ ಯಾವ ಲೆಕ್ಕ? ಅವರ ಸೊಂಟಕ್ಕೆ ಹಗ್ಗ ಕಟ್ಟಿರುತ್ತಾರೆ.

ಹುಡುಗನಿಗೆ ಎಲ್ಲರೂ ಇಟ್ಟ ಹೆಸರು ಡೈಲಾಗ್. ಬಾಯಿ ತೆರೆದರೆ ಸಿನಿಮಾ. ಶಾಲೆಗೆ ಅಗ್ನಿಶಾಮಕ ದಳದವರು ಪಾಠ ಹೇಳಲು ಬಂದಾಗಲೂ ಅಷ್ಟೇ.

"ಮೈಮೇಲೆ ಬೆಂಕಿ ಹತ್ತಿದ್ರೆ ದೊಡ್ಡೋರು ಓಡ್ತಾರೆ," ಎಂದರು ದಪ್ಪ ಬೂಟಿನ ಮೇಡಂ. "ಓಡಿದಷ್ಟೂ ಉರಿಯುತ್ತೆ. ಮಂಡಿ ಹಿಂದೆ ಒದ್ದು ಬೀಳಿಸಿ. ದಪ್ಪ ಬಟ್ಟೆ ಮುಚ್ಚಿ, ಹೊರಳಿಸಿ. ಬೈದ್ರೂ ಹೊಡೆದ್ರೂ ಬಿಡಬೇಡಿ. ಎಲ್ಲಿ, ನನ್ನ ಬೀಳಿಸಿ ನೋಡೋಣ."

"ಮೇಡಂ, ನನ್ನ ಕೈಲಿ ಒದೆ ತಿಂದೋರು ಎದ್ದ ಚರಿತ್ರೆನೇ ಇಲ್ಲ," ಎಂದ ಡೈಲಾಗ್.

"ಮೊದಲು ಒದಿ ಮರಿ. ಚರಿತ್ರೆ ಆಮೇಲೆ ಬರೆಯೋಣ."

ಒದ್ದ. ಮೇಡಂ ಅಲ್ಲಾಡಲಿಲ್ಲ, ಇವನೇ ಅಂಗಾತ ಬಿದ್ದ. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಸಂಜೆ, ಮರದ ಸಾಮಾನಿಗೆ ಪಾಲಿಶ್ ಹಾಕುವ ಚಿಕ್ಕಪ್ಪನ ಅಂಗಡಿಗೆ ಹೋದ. ಹಸಿ ಪಾಲಿಶ್ ಮೇಲೆ ಧೂಳು ಕೂರಬಾರದೆಂದು ಚಿಕ್ಕಪ್ಪ ಅವನನ್ನು ಒಳಗೆ ಬಿಟ್ಟುಕೊಂಡು ಬಾಗಿಲಿನ ಕೆಳಗಿನ ಚಿಲಕ ಮತ್ತೆ ಹಾಕಿದ. ಬೆಳಗಿನಿಂದ ಕೈ ಒರೆಸಿ ಒರೆಸಿ ಅಂಗಿಯ ತುಂಬ ಪಾಲಿಶ್‌ಗೆ ಬೆರೆಸುವ ಥಿನ್ನರ್.

"ಸಿಗರೇಟ್ ಹಚ್ಚಬೇಡ ಚಿಕ್ಕಪ್ಪ."

"ಒಂದು ದಿನ ಪಾಠ ಕೇಳಿ ನಂಗೇ ಮೇಷ್ಟ್ರಾದ್ಯಾ?" ಎನ್ನುತ್ತ ಕಡ್ಡಿ ಗೀರಿದ.

ಹೊಟ್ಟೆಯಿಂದ ಗಡ್ಡದವರೆಗೆ ಬೆಂಕಿ ಒಂದೇ ನೆಗೆತಕ್ಕೆ ಏರಿತು. ಚಿಕ್ಕಪ್ಪ ಅರಚುತ್ತ ಗೋಡೆಗೆ ಡಿಕ್ಕಿ ಹೊಡೆದ, ಸ್ಟೂಲು ಒದ್ದ, ಬಾಗಿಲ ಕಡೆ ನುಗ್ಗಿದ. ಅಲ್ಲೇ ಮಂಡಿಗೆ ಏಟು ಬಿತ್ತು. ದಿಮ್ಮಿ ಉರುಳಿದ ಹಾಗೆ ಉರುಳಿದ.

ಡೈಲಾಗ್ ಪಾಲಿಶ್ ಒಣಗಿದ್ದ ಬೀರುವಿನ ಮೇಲಿದ್ದ ದಪ್ಪ ಹತ್ತಿ ಬಟ್ಟೆ ಹೊದಿಸಿ ಮೇಲೆ ಬಿದ್ದ. ಚಿಕ್ಕಪ್ಪ ಗುದ್ದಿದ. ಹುಡುಗನ ಮೂಗು ಒಡೆದು ರಕ್ತ ಬಾಯಿಗಿಳಿಯಿತು.

"ಬಿಡೋ, ಕೊಂದೇ ಬಿಡ್ತೀನಿ."

ಇನ್ನೊಂದು ಗುದ್ದಿಗೆ ಮುಂದಿನ ಹಲ್ಲು ಹೋಯಿತು. ಜನ್ಮದಲ್ಲಿ ಮೊದಲ ಸಲ ಹುಡುಗನಿಗೆ ಒಂದು ಡೈಲಾಗೂ ಹೊಳೆಯಲಿಲ್ಲ. "ಮುಖ ಮುಚ್ಕೋ ಚಿಕ್ಕಪ್ಪ, ಮುಖ ಮುಚ್ಕೋ," ಎನ್ನುತ್ತಲೇ ಹೊರಳಿಸಿದ. ಅಂಗೈ ಚರ್ಮ ಸುಲಿಯಿತು, ಬಿಡಲಿಲ್ಲ.

ಪಕ್ಕದ ಮೆಕ್ಯಾನಿಕ್ ಓಡಿ ಬಂದವನೇ ಹುಡುಗನ ಕೊರಳಪಟ್ಟಿ ಹಿಡಿದೆತ್ತಿ ಕಪಾಳಕ್ಕೆ ಬಾರಿಸಿದ. "ಸ್ವಂತ ಚಿಕ್ಕಪ್ಪನ್ನೇ ಸಾಯಿಸ್ತಿದೀಯೇನೋ?" ಆಮೇಲೆ ಬಟ್ಟೆ ಅಡಿಯಿಂದ ಹೊಗೆ ಕಂಡಿತು, ಸುಟ್ಟ ಗಡ್ಡದ ವಾಸನೆ ಬಂತು. ಇಬ್ಬರೂ ಸೇರಿ ಚಿಕ್ಕಪ್ಪನನ್ನು ನಲ್ಲಿಯ ಕೆಳಗೆ ಎಳೆದರು.

ಎದೆ ಸುಟ್ಟಿತ್ತು, ಜೀವ ಉಳಿಯಿತು. ಆಸ್ಪತ್ರೆ ಮಂಚದಿಂದಲೇ ಚಿಕ್ಕಪ್ಪ ಬಂದವರಿಗೆಲ್ಲ ಹೇಳಿದ: "ಒಂದೇ ಒದೆ ಕಣ್ರೀ. ಎಲ್ಲಿ ಕಲಿತ್ನೋ." ನೋಡಲು ಬಂದಿದ್ದ ದಪ್ಪ ಬೂಟಿನ ಮೇಡಂ ಹುಬ್ಬೇರಿಸಿದರು. ಡೈಲಾಗ್ ಕಿಟಕಿ ಕಡೆ ತಿರುಗಿಕೊಂಡ.

ಒಂದೇ ಏಟು ಅಂದೆನಲ್ಲ, ಅದು ಬುರುಡೆ. ಅವನು ಒದೆಯಲೇ ಇಲ್ಲ. ಬೆಂಕಿ ಕಂಡ ಕೂಡಲೇ ಬಾಲ ಮುದುರಿ ಓಡಿ, ಕೆಳಗಿನ ಚಿಲಕ ತೆಗೆಯಲು ಬಗ್ಗಿದ್ದ. ಚಿಕ್ಕಪ್ಪ ಅವನನ್ನೇ ಎಡವಿ ಬಿದ್ದಿದ್ದು. ಅಷ್ಟರಲ್ಲಿ ಚಿಲಕ ಬಿಚ್ಚಿತ್ತು, ಬಾಗಿಲು ತೆರೆದಿತ್ತು, ಎದುರಿಗೆ ಬೀದಿ ಕಾಣುತ್ತಿತ್ತು. ಹುಡುಗ ಅದನ್ನೊಮ್ಮೆ ನೋಡಿ, ಬಟ್ಟೆ ತರಲು ಒಳಕ್ಕೆ ತಿರುಗಿದ.