ಇಡಿಯಾಗಿ ಒಪ್ಪಿಸುವುದು

"'ಇಡಿಯಾಗಿ ಪಡೆದದ್ದನ್ನು ಇಡಿಯಾಗಿಯೇ ಒಪ್ಪಿಸು.' ಇನ್ನೂ ಹೇಗೆ ಬಿಡಿಸಿ ಹೇಳ್ಬೇಕು?" ಅಣ್ಣ ಧರ್ಮಗ್ರಂಥವನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡ. "ಅಮ್ಮನ ಕಾಲು ಕತ್ತರಿಸೋದು ಬೇಡ. ನಾನು ಒಪ್ಪಲ್ಲ."

ವಾರ್ಡಿನ ಹೊರಗಿನ ಬೆಂಚಿನಲ್ಲಿ ತಂಗಿ ಅವನ ಪಕ್ಕದಲ್ಲೇ ಕೂತಿದ್ದಳು. ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದರಿಂದ ಕಂಡಕ್ಟರ್ ಸಮವಸ್ತ್ರ ಮೈಮೇಲೆ ಹಾಗೇ ಇತ್ತು. ಒಳಗೆ ಮಲಗಿದ್ದ ಅಮ್ಮನ ಬಲಗಾಲು ಸಕ್ಕರೆ ಕಾಯಿಲೆಯಿಂದಾಗಿ ಬೆರಳಿನಿಂದ ಮೇಲಕ್ಕೆ ಕಪ್ಪಾಗುತ್ತಾ ಬಂದಿತ್ತು. ಮೊಣಕಾಲಿನ ಕೆಳಗೆ ತೆಗೆಯದಿದ್ದರೆ ನಂಜು ಮೈಗೆಲ್ಲ ಏರುತ್ತದೆ, ನಾಳೆಯೊಳಗೆ ಒಂದು ತೀರ್ಮಾನಕ್ಕೆ ಬನ್ನಿ ಎಂದು ಡಾಕ್ಟರಮ್ಮ ಹೇಳಿಹೋಗಿದ್ದರು.

ಟಿಕೆಟ್ ಕೊಳ್ಳದೆ ಕಿಟಕಿಯಾಚೆ ನೋಡುತ್ತಾ ನಿಂತವರನ್ನು ಬೆನ್ನು ನೋಡಿಯೇ ಗುರುತು ಹಿಡಿಯುತ್ತಿದ್ದ ಅವಳಿಗೆ ಅಣ್ಣನ ಮಾತಿನಲ್ಲೂ ಅಂಥದ್ದೇ ಏನೋ ಕಂಡಿತು. ಅಮ್ಮ ಇರುವುದು ಅವನ ಮನೆಯಲ್ಲಿ. ಅತ್ತಿಗೆಗೆ ಮೊದಲೇ ಸೊಂಟನೋವು. ಒಂಟಿಕಾಲಿನ ಮುದುಕಿಯನ್ನು ಎತ್ತಿ ಇಳಿಸುವವರು ಯಾರು? ಅಪ್ಪ ತೀರಿಕೊಂಡ ಮೇಲೆ ಆ ಪುಸ್ತಕದ ಕಡೆ ತಲೆಯೂ ಹಾಕದಿದ್ದವನು ಡಾಕ್ಟರಮ್ಮ ಬಾಯಿ ತೆರೆದದ್ದೇ ತಡ, ಅದನ್ನು ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿದ್ದ.

"ಅದು ಮೈ ಬಗ್ಗೆ ಅಂತ ಯಾರು ಹೇಳಿದ್ರು ನಿನಗೆ?"

"ಮತ್ತೆ ಯಾವುದರ ಬಗ್ಗೆ?"

"ಮನಸ್ಸಿನ ಬಗ್ಗೆ. ಅಪ್ಪ ಹಾಗೇ ಹೇಳ್ತಿದ್ರು." ಅಪ್ಪ ಹಾಗೆ ಹೇಳಿದ್ದರೋ ಇಲ್ಲವೋ, ಅವಳಿಗೆ ನೆನಪಿರಲಿಲ್ಲ.

"ಅಪ್ಪ ನಿನಗೊಂದು, ನನಗೊಂದು ಹೇಳಿದ್ರೇನು?" ಅಣ್ಣ ಅವಳ ಕಡೆ ಓರೆಗಣ್ಣಿನಿಂದ ನೋಡಿದ. "ಡಾಕ್ಟರ್ ಹೇಳಿದ್ದಕ್ಕೆಲ್ಲ ತಲೆ ಆಡಿಸ್ತೀಯ. ಆಮೇಲೆ ಅಮ್ಮನ್ನ ನಿನ್ನ ಮನೇಲಿಟ್ಟುಕೊಂಡು, ಮಗ ಕೈಬಿಟ್ಟ ಅಂತ ಸಾರಿಕೊಂಡು ಬರ್ತೀಯ."

ಅವಳಿಗೆ ಉರಿದುಹೋಯಿತು. ಅಣ್ಣ ಬಡಗಿ. ಬಹಳ ವರ್ಷಗಳ ಹಿಂದೆಯೇ ಅವನ ಎಡಗೈ ತೋರುಬೆರಳು ಗರಗಸಕ್ಕೆ ಹೋಗಿತ್ತು. "ಹಾಗಾದ್ರೆ ನಿನ್ನ ಕಥೆ ಏನು? ನಿನ್ನಲ್ಲೂ ಒಂದು ಬೆರಳು ಕಮ್ಮಿ ಇದೆಯಲ್ಲ. ಮೇಲಿಂದ ನಿನ್ನನ್ನ ವಾಪಸ್ ಕಳಿಸ್ತಾರೇನು?"

ಅಣ್ಣ ತಟ್ಟನೆ ಕೈಯನ್ನು ಪುಸ್ತಕದ ಕೆಳಗೆ ಸರಿಸಿದ. "ಅಪ್ಪ ಆ ಸಾಲು ಓದಿದಾಗಲೆಲ್ಲ ಹೀಗೇ ಮುಚ್ಚಿಟ್ಟುಕೊಳ್ತಿದ್ದೆ," ಎಂದ. "ನನ್ನದಂತೂ ಆಯ್ತು. ಅಮ್ಮನಿಗೆ ಹಾಗಾಗೋದು ಬೇಡ ಅಂತ."

ಅವಳು ಅವನ ಮುಖವನ್ನೇ ದಿಟ್ಟಿಸಿದಳು. ನಿಜವೇ ಇರಬಹುದು. ಅಥವಾ ಅವಳ ಬಾಯಿ ಮುಚ್ಚಿಸಲು ಹೊಳೆದ ಮಾತೂ ಆಗಿರಬಹುದು. ಬಸ್ಸಿನಲ್ಲಿ ಕಣ್ಣಲ್ಲಿ ನೀರು ತಂದುಕೊಂಡು ಪರ್ಸು ಕಳೆದುಹೋಯಿತು ಅನ್ನುವವರನ್ನೂ ಅವಳು ಕಂಡಿದ್ದಳು.

"ಇಬ್ಬರೂ ಒಳಗೆ ಬನ್ನಿ," ಎಂದು ಅಮ್ಮನ ದನಿ ಕೇಳಿಸಿತು. "ಕೆಟ್ಟಿರೋದು ನನ್ನ ಕಾಲು, ಕಿವಿಯಲ್ಲ."

ಹೋಗಿ ಮಂಚದ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೆ ಅಪ್ಪ ದಿನವೂ ಗಟ್ಟಿಯಾಗಿ ಓದುತ್ತಿದ್ದುದನ್ನು ಕೇಳಿ ಕೇಳಿ ಮುಕ್ಕಾಲು ಪುಸ್ತಕ ಬಾಯಿಪಾಠವಾಗಿತ್ತು.

"ನನಗೇನು ಅನ್ನಿಸ್ತಿತ್ತು ಗೊತ್ತಾ? ಅದು ಪಕ್ಕದ ಮನೆಯಿಂದ ಇಸ್ಕೊಂಡು ಬಂದ ಪಾತ್ರೆ ಬಗ್ಗೆ ಅಂತ. ನಿಮ್ಮಪ್ಪ ಏಣಿ ತಂದ್ರೂ ವಾಪಸ್ ಕೊಡ್ತಿರಲಿಲ್ಲ, ಕೊಡೆ ತಂದ್ರೂ ಕೊಡ್ತಿರಲಿಲ್ಲ. ತನಗೆ ತಾನೇ ಬುದ್ಧಿ ಹೇಳ್ಕೊಳ್ತಿದ್ದಾರೆ ಅಂದ್ಕೊಳ್ತಿದ್ದೆ."

ಯಾರೂ ನಗಲಿಲ್ಲ. ಅಮ್ಮ ಮಗನನ್ನು ನೋಡಿದಳು, ಮಗಳನ್ನು ನೋಡಿದಳು. ಆ ನೋಟ ಇಬ್ಬರನ್ನೂ ನಂಬಿದಂತೆ ಇರಲಿಲ್ಲ.

"ಅರ್ಥ ನಿಮಗೆ ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ. ರಾತ್ರಿಯೆಲ್ಲ ಚೀರೋಳು ನಾನು. ಕಾಲು ತೆಗೀಲಿ. ಆಮೇಲೆ ಎಲ್ಲಿಗೆ ಅಂತ ಇಬ್ಬರೂ ಒಳಗೊಳಗೇ ಯೋಚನೆ ಮಾಡ್ತಿದ್ರೆ, ಇವನ ಮನೇಲಿ ನಾನಿದ್ದ ಕೋಣೆಗೇ."

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಅಮ್ಮನನ್ನು ಮನೆಗೆ ಕಳಿಸುವ ಹಿಂದಿನ ದಿನ ತಂಗಿ ಯಾರಿಗೂ ಹೇಳದೆ ಅಣ್ಣನ ಮನೆಗೆ ಹೋದಳು. ಅಮ್ಮನ ಮಂಚವನ್ನು ಹಿತ್ತಲಿನ ಮರದ ಶೆಡ್ಡಿಗೆ ಸಾಗಿಸಿರಬಹುದೆಂಬ ಅನುಮಾನ ಅವಳನ್ನು ಕೊರೆಯುತ್ತಿತ್ತು.

ಮಂಚ ಇದ್ದಲ್ಲೇ ಇತ್ತು. ಅಣ್ಣ ಕೋಣೆಯ ಬಾಗಿಲಲ್ಲಿ ಮಂಡಿಯೂರಿ ಕೂತಿದ್ದ. ಹೊಸಿಲನ್ನು ಕಿತ್ತು, ಆ ಜಾಗದಲ್ಲಿ ಇಳಿಜಾರಾಗಿ ಒಂದು ಹಲಗೆ ಕೂರಿಸಿದ್ದ. ಸುತ್ತಲೂ ಮರದ ಹೊಟ್ಟು.

"ಗಾಲಿಕುರ್ಚಿ ದಾಟಬೇಕಲ್ಲ," ಎಂದ, ತಲೆ ಎತ್ತದೆ.

ಅವಳು ಚಪ್ಪಲಿ ಕಳಚಿ ಒಂದು ಕಾಲನ್ನು ಹಲಗೆಯ ಮೇಲಿಟ್ಟಳು. ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು. ಹಲಗೆ ಅಲುಗಲಿಲ್ಲ. ಕಾಲನ್ನು ಇನ್ನೊಂದು ಅಂಚಿಗೆ ಸರಿಸಿ ಮತ್ತೆ ಒತ್ತಿದಳು. ಅಣ್ಣ ಕೈಯಲ್ಲಿ ಉಳಿ ಹಿಡಿದುಕೊಂಡು, ಅವಳ ಪಾದವನ್ನೇ ನೋಡುತ್ತಾ ಕಾದಿದ್ದ.