ಅತ್ತೆ ಬರೆಯುವ ಬೋರ್ಡು

ಕಡಲ ದಂಡೆಯ ಆ ಊರಲ್ಲಿ ಅಂಗಡಿ, ಲಾಡ್ಜು, ದೋಣಿ, ಯಾವುದರ ಮೇಲೆ ಅಕ್ಷರ ಕಂಡರೂ ಅದು ಅತ್ತೆಯ ಕೈಬರಹವೇ. ರಜೆಗೆ ಬಂದವರು ಮೊದಲು ಬಣ್ಣ ನೋಡಿ ನಿಲ್ಲುತ್ತಿದ್ದರು: ನಿಂಬೆಹಳದಿ ಹಲಗೆ, ಕೆಂಪು ಅಕ್ಷರ, ಮೂಲೆಯಲ್ಲೊಂದು ನೀಲಿ ಏಡಿ. ಆಮೇಲೆ ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಏಕೆಂದರೆ ಅತ್ತೆ, ತಲೆ ಹೋದರೂ ಸುಳ್ಳು ಬರೆಯುವವರಲ್ಲ. ಎಲ್ಲ ಕೋಣೆಯಿಂದಲೂ ಸಮುದ್ರ ಕಾಣುತ್ತದೆ ಎಂದು ಬರೆಯಿರಿ ಅಂತ ಲಾಡ್ಜಿನವನು ದುಂಬಾಲು ಬಿದ್ದ. ಅತ್ತೆ ಒಂದೊಂದೇ ಕೋಣೆ ಹೊಕ್ಕು ನೋಡಿ ಬಂದು ಬರೆದದ್ದು: 'ಮೇಲಿನ ಕೋಣೆಗಳಿಂದ ಸಮುದ್ರ ಕಾಣುತ್ತದೆ. ಕೆಳಗಿನವುಗಳಿಂದ ಕುರ್ಚಿ ಹತ್ತಿದರೆ.' ಕ್ಷೌರದಂಗಡಿಗೆ: 'ಕೈ ಚುರುಕು. ಬಾಯಿ ಅದಕ್ಕಿಂತ ಚುರುಕು.' ಮೊದಮೊದಲು ಉರಿದುಬಿದ್ದವರೆಲ್ಲ, ಜನ ಬೋರ್ಡು ಹುಡುಕಿಕೊಂಡು ಬರುವುದು ಕಂಡು ತೆಪ್ಪಗಾದರು.

ಇಂಥ ಅತ್ತೆಯ ಸೊಸೆ ಚಹಾದಂಗಡಿ ಇಡಲು ಹೊರಟಳು. ಧೈರ್ಯ ಅಂದರೆ ಅದು ನೋಡಿ. ಆರು ವರ್ಷ ಒಂದೇ ಸೂರಿನಡಿ ಬದುಕಿದರೂ ಅತ್ತೆಯ ಬಾಯಿಂದ ಒಂದು ಹೊಗಳಿಕೆ ಅವಳ ಕಿವಿಗೆ ಬಿದ್ದಿರಲಿಲ್ಲ. ಉಪ್ಪು ಹೆಚ್ಚಾದರೆ ಹೇಳುತ್ತಿದ್ದರು, ಸರಿಯಾಗಿದ್ದರೆ ಸುಮ್ಮನೆ ಉಂಡು ಏಳುತ್ತಿದ್ದರು. ಈಗ ಅವರ ಅಭಿಪ್ರಾಯ ಎರಡು ಮೊಳದ ಹಲಗೆಯ ಮೇಲೆ ಹಾದಿಹೋಕರೆಲ್ಲ ಓದುವಂತೆ ನಿಲ್ಲಲಿತ್ತು. ಅವಳಿಗೆ ನಿಜಕ್ಕೂ ಭಯವಾಗಿತ್ತು. ದೋಣಿ ಓಡಿಸುವ ಗಂಡನ ಹತ್ತಿರ ಹೇಳಿಕೊಂಡಳು.

"ನನ್ನ ದೋಣಿ ಮೇಲೇನೇ 'ಓಡಿಸುವವನು ಸೋಮಾರಿ' ಅಂತ ಬರೆದಿದಾಳೆ ನಮ್ಮಮ್ಮ. ನನ್ನನ್ನ ಕೇಳ್ತೀಯಲ್ಲ ನೀನು," ಎಂದು ಅವನು ನಕ್ಕುಬಿಟ್ಟ.

ಬರೆಯುವ ಮೊದಲು ಏಳು ದಿನ ತಾವೇ ಗಿರಾಕಿಯಾಗಿ ಕೂರುವುದು ಅತ್ತೆಯ ಪದ್ಧತಿ. ರಜೆಯವರು ಬರಲು ಇನ್ನೂ ವಾರವಿತ್ತು, ಅಲ್ಲಿಯವರೆಗೆ ಊರಿನವರಿಗೇ ಚಹಾ. ಮೂರನೆಯ ದಿನ ಬನ್ನುಗಳ ತಳ ಸೀದುಹೋಯಿತು. ಸೊಸೆ ಇದ್ದುದರಲ್ಲಿ ಚೆಂದದ್ದೊಂದನ್ನು ಆರಿಸಿ ಅತ್ತೆಯ ತಟ್ಟೆಗಿಟ್ಟಳು. ಅತ್ತೆ ಎದ್ದು, ಪಕ್ಕದ ಮೇಜಿನ ಅಂಚೆಯವನ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡು, ತಮ್ಮದನ್ನು ಅವನ ಮುಂದೆ ಸರಿಸಿದರು.

"ನನಗೊಂದು, ಊರಿಗೊಂದು ಬೇಡಮ್ಮ," ಎಂದರು.

ಸೊಸೆಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಮರುದಿನದಿಂದ ಆರಿಸುವುದನ್ನು ಬಿಟ್ಟಳು. ಸೀದಿದ್ದರೆ "ಇವತ್ತು ಸೀದಿದೆ, ಚಹಾದಲ್ಲಿ ಅದ್ದಿಕೊಂಡು ತಿನ್ನಿ" ಎಂದು ತಾನೇ ಹೇಳಿ ಕೊಟ್ಟಳು. ಅತ್ತೆ ಅದ್ದಿಕೊಂಡು ತಿಂದರು. ಏಳನೆಯ ದಿನ ಮಧ್ಯಾಹ್ನ ಹಿಂದಿನ ಕೋಣೆಯಿಂದ ಎಣ್ಣೆಬಣ್ಣದ ವಾಸನೆ ಬಂತು. ಸೊಸೆ ಬಾಗಿಲ ಸಂದಿಯಲ್ಲಿ ಇಣುಕಿದಳು, ಹಸಿರು ಬಳಿದ ಬರಿಯ ಹಲಗೆ ಕಂಡಿತು ಅಷ್ಟೆ.

ಮರುದಿನ ಬೆಳಿಗ್ಗೆ ರಜೆಯವರ ಮೊದಲ ಬಸ್ಸು ಬರುವ ಹೊತ್ತಿಗೆ ಅತ್ತೆ ಏಣಿ ಹತ್ತಿ ಬೋರ್ಡು ತೂಗುಹಾಕಿದರು. ಗಿಳಿಹಸಿರು ಹಲಗೆ, ಬಿಳಿ ಅಕ್ಷರ, ಕಿತ್ತಳೆ ಅಂಚು. ಸೊಸೆ ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ಓದಿದಳು.

'ಬನ್ನು ಒಮ್ಮೊಮ್ಮೆ ಸೀಯುತ್ತದೆ. ಚಹಾ ಚೆನ್ನಾಗಿದೆ. ಮಾಡುವವಳು ನನ್ನ ಮಗಳು.'

ಕ್ಷೌರದವನು ಸುಮ್ಮನಿರುತ್ತಾನೆಯೇ? ಎಷ್ಟು ವರ್ಷದಿಂದ ಕಾದಿದ್ದನೋ.

"ಸಿಕ್ಕಿಬಿದ್ರಿ ಅಮ್ಮಾ. ಸುಳ್ಳು ಬರೆಯಲ್ಲ ಅಂತಿದ್ರಿ. ಇವಳು ನಿಮ್ಮ ಸೊಸೆ ಅಲ್ವಾ? ಕೊನೇ ಸಾಲು ತಪ್ಪಾಯ್ತಲ್ಲ."

ಅತ್ತೆ ಅವಸರವಿಲ್ಲದೆ ಏಣಿಯಿಂದ ಇಳಿದರು.

"ಬನ್ನು, ಚಹಾ ಏಳು ದಿನ ನೋಡಿ ಬರೆದಿದ್ದು," ಎಂದರು. "ಕೊನೇ ಸಾಲು ಆರು ವರ್ಷ ನೋಡಿ ಬರೆದಿದ್ದು ಕಣಪ್ಪ."

ಸೊಸೆ ನಾಚಿಕೆ ಬಿಟ್ಟು ಬೀದಿಯಲ್ಲೇ ಅತ್ತುಬಿಟ್ಟಳು. ಅದು ಸಂತೋಷದ ಅಳು ಎಂದು ಬಸ್ಸಿನಿಂದ ಇಳಿದವರಿಗೆಲ್ಲ ಹೇಳಿಕೊಂಡು ಬರಲು ಕ್ಷೌರದವನೇ ಓಡಬೇಕಾಯಿತು.