ವಕೀಲರ ಕೋಟು ಸೀಗೇಪಲ್ಲಿಗೆ ಹೋದದ್ದು

ನಲವತ್ತಾರನೆಯ ಇಸವಿಯ ಚಿತ್ತೆ ಮಳೆಗೆ, ಹೊಸೂರಿನಾಚೆ ತಳಿ ಊರಿನ ಕಡೆಯ ಸೀಗೇಪಲ್ಲಿಯ ಕೆರೆ ಏರಿ ಒಡೆದು, ಒಂದೇ ಬೆಳಗಿನಲ್ಲಿ ಹದಿನೆಂಟು ಮನೆಗಳು ನೆಲಕ್ಕೆ ಮಲಗಿದವು. ಜನ ಗುಂಡುತೋಪಿನ ದಿಣ್ಣೆ ಹತ್ತಿ ಜೀವ ಉಳಿಸಿಕೊಂಡರು. ಉಟ್ಟದ್ದು ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಸುದ್ದಿ ಹೊಸೂರಿಗೆ ಮುಟ್ಟಿದ ದಿನವೇ ಭಾಗೀರಥಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದರು. ಇವರು ವಕೀಲ ವೆಂಕಟಾಚಲಯ್ಯನವರ ಹೆಂಡತಿ. ಮಾತು ಕಡಿಮೆ, ಕಣ್ಣಲ್ಲೇ ತುಂಟತನ. ಸಂಜೆಯೊಳಗೆ ಮೇಷ್ಟ್ರು ಗೋಪೀನಾಥರನ್ನೂ ಇನ್ನೈದು ಜನರನ್ನೂ ಹೊರಡಿಸಿ, ಮನೆಮನೆಯಿಂದ ಹಳೇ ಬಟ್ಟೆ ಎತ್ತಿ ಮೂಟೆ ಕಟ್ಟಿದರು. ಕೊನೆಗೆ ತಮ್ಮ ಮನೆಗೇ ಬಂದರು.

"ನೀವೂ ಬನ್ನಿ ಅಂದ್ರೆ."

"ನನಗೆ ರಜೆ ಮುಗಿದ ಸೋಮವಾರ ಕೋರ್ಟಿದೆ ಕಣೇ," ಎಂದರು ವಕೀಲರು, ಪತ್ರಿಕೆಯಿಂದ ತಲೆ ಎತ್ತದೆ. "ಹಳೇದು ಏನಿದೆಯೋ ತೊಗೊಂಡು ಹೋಗು. ನನ್ನನ್ನ ಮಾತ್ರ ಎಳೀಬೇಡ."

ಹಳೇದು ಅಂದರೆ ಎಷ್ಟು ಹಳೇದು ಎಂದು ಅವರು ಹೇಳಲಿಲ್ಲ, ಭಾಗೀರಥಮ್ಮ ಕೇಳಲಿಲ್ಲ. ಗೂಟದಲ್ಲಿ ತೂಗುತ್ತಿದ್ದ ಕರೀ ಕೋಟು ಹೊಲಿಸಿ ಹನ್ನೆರಡು ವರ್ಷವಾಗಿತ್ತು. ಅದಕ್ಕಿಂತ ಹಳೇದು ಮನೆಯಲ್ಲಿ ಇನ್ನೇನಿದೆ ಎಂದುಕೊಂಡು ಅದನ್ನು ಮಡಿಸಿ ಮೂಟೆಗೆ ತುರುಕಿದರು. ಬೇರೆ ಕೋಟು ಅವರಿಗಿಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಸೀಗೇಪಲ್ಲಿಯಲ್ಲಿ ಬಟ್ಟೆ ಹಂಚುವಾಗ ಆ ಕೋಟು ಅಶ್ವತ್ಥಪ್ಪನ ಪಾಲಿಗೆ ಬಂತು. ಆರಡಿ ಆಳು, ಬರಿಮೈಯಲ್ಲಿ ನಡುಗುತ್ತಿದ್ದ. ತೊಟ್ಟು ನಿಂತರೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು.

"ಅಮ್ಮೋರೆ, ಇದನ್ನ ಹಾಕ್ಕಂಡು ಮಣ್ಣು ತುಳೀಲಾ, ಇಲ್ಲಾ ತೀರ್ಪು ಹೇಳ್ಲಾ?" ಎಂದ.

ನಾಲ್ಕು ದಿನಗಳಲ್ಲಿ ಮೊದಲ ಸಲ ಆ ದಿಣ್ಣೆಯ ಮೇಲೆ ನಗು ಕೇಳಿಸಿತು.

ಊರಿನವರೂ ಹೊಸೂರಿನವರೂ ಸೇರಿ ವಾರವೆಲ್ಲ ಹೂಳು ಎತ್ತಿದರು, ಮಣ್ಣು ಕಲಸಿ ತುಳಿದರು. ಗೋಡೆಗಳು ಎದೆಮಟ್ಟ ಏರಿದವು. ಇನ್ನು ಸೂರಿಗೆ ಬಿದಿರು ಬೇಕು. ಬಿದಿರಿಗೇನೂ ಬರವಿರಲಿಲ್ಲ, ಮೇಲಿನ ಕಾಡಿನಿಂದ ನೀರು ತಂದ ಬಿದಿರು ಹಳ್ಳದ ತಿರುವಿನಲ್ಲಿ ರಾಶಿರಾಶಿಯಾಗಿ ಸಿಕ್ಕಿಕೊಂಡಿತ್ತು. ಆದರೆ ಅದರ ಪಕ್ಕದಲ್ಲೇ ಫಾರೆಸ್ಟ್ ಗಾರ್ಡ್ ಚಿನ್ನಪ್ಪನ ಗುಡಿಸಲು.

"ಆರ್ಡರ್ ಇಲ್ಲಾಮೆ ಒಂದು ಕಡ್ಡೀನೂ ಮುಟ್ಟಂಗಿಲ್ಲಮ್ಮಾ," ಎಂದು ಅವನು ತನ್ನ ತಮಿಳು ಬೆರೆತ ಕನ್ನಡದಲ್ಲಿ ಎರಡು ಸಲ ವಾಪಸು ಕಳಿಸಿದ. ಕೆಟ್ಟವನಲ್ಲ, ಹೆದರುಪುಕ್ಕಲ.

ಮೂರನೆಯ ಸಲ, ಶನಿವಾರ, ಭಾಗೀರಥಮ್ಮ ಅಶ್ವತ್ಥಪ್ಪನಿಗೆ ಮುಖ ತೊಳೆಸಿ, ತಲೆಗೆ ಬಿಳೀ ರುಮಾಲು ಸುತ್ತಿಸಿ, ಕೋಟಿನ ಗುಂಡಿ ಹಾಕಿಸಿದರು. "ನೀನು ಮಾತಾಡೋ ಹಾಗಿಲ್ಲಪ್ಪ. ಸುಮ್ಮನೆ ನಿಂತ್ಕೋ."

"ನನ್ ಬಾಯಿ ನನ್ ಮಾತು ಕೇಳಾಕಿಲ್ಲವಲ್ಲಮ್ಮೋ!"

ಮುದುಕಿ ಮುನಿಗಂಗಮ್ಮ ಅದಕ್ಕೂ ದಾರಿ ಕಂಡಳು. ಸೊಂಟದ ಚೀಲ ಬಿಚ್ಚಿ ಆರು ಎಲೆ, ಎರಡು ಅಡಿಕೆ ಅವನ ಬಾಯಿಗೆ ತುರುಕಿ, "ಉಗುಳ್ದೆ ಅಂದ್ರೆ ನೋಡ್ಲಾ ಮತ್ತೆ," ಎಂದಳು.

ಗಾಡಿಯಿಂದ ಕರೀ ಕೋಟು ಇಳಿಯುವುದನ್ನು ಕಂಡದ್ದೇ ಚಿನ್ನಪ್ಪ ಬೀಡಿ ಎಸೆದು ಸಲಾಮು ಹೊಡೆದ. "ಇವರು ಬಂದಿದ್ದಾರೆ," ಎಂದಷ್ಟೇ ಅಂದರು ಭಾಗೀರಥಮ್ಮ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಶ್ವತ್ಥಪ್ಪ ಕೆನ್ನೆ ಉಬ್ಬಿಸಿಕೊಂಡು ಬಿದಿರ ರಾಶಿಯನ್ನು ಗಂಭೀರವಾಗಿ ನೋಡಿದ. ಚಿನ್ನಪ್ಪ ಬೆವರಿದ. ಬೆವರಿದರೂ ಕೈ ಮುಗಿದು, "ಆರ್ಡರ್ ಮಾತ್ರ ಒಂದು ಇದ್ದುಬಿಟ್ರೆ ಸಾರ್..." ಎಂದ.

ಅಷ್ಟರಲ್ಲಿ ಗದ್ದೆಯ ಬದುವಿನ ಮೇಲೆ ಯಾರೋ ಏದುಸಿರು ಬಿಡುತ್ತಾ ಬಂದರು. ಬರೀ ಷರಟು, ಪಂಚೆಗೆಲ್ಲ ಕೆಸರು, ಮುಖದ ತುಂಬಾ ಇದ್ದಿಲು ಉರಿಸಿ ಓಡುವ ಬಸ್ಸಿನ ಮಸಿ. ಭಾಗೀರಥಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ವೆಂಕಟಾಚಲಯ್ಯನವರು!

"ನನ್ನ ಕೋಟೆಲ್ಲಿ? ಸೋಮವಾರ ನಾನು ಕೋರ್ಟಿಗೆ—" ಎನ್ನುತ್ತಲೇ ಅವರ ಕಣ್ಣು ಅಶ್ವತ್ಥಪ್ಪನ ಮೇಲೆ ಬಿತ್ತು. "ಯಾರೋ ನೀನು? ಬಿಚ್ಚೋ ಅದನ್ನ!"

ಚಿನ್ನಪ್ಪ ನಡುವೆ ಹಾರಿದ. "ಏನಯ್ಯಾ ಗುಮಾಸ್ತ, ವಕೀಲ್ ಸಾರ್ ಮೇಲೆ ಕೂಗ್ತೀಯಾ? ತಳ್ಳಿ ನಿಲ್ಲು, ಆ ಕಡೆ!"

"ಗುಮಾಸ್ತನೇ! ನಾನು ಕಣಯ್ಯಾ ವಕೀಲ!"

"ಹೌದಾ?" ಭಾಗೀರಥಮ್ಮ ಗಂಡನ ಮುಖವನ್ನೇ ನೋಡದೆ ಅಂದರು. "ಹಂಗಿದ್ರೆ ಕಾನೂನು ಗೊತ್ತಿರಬೇಕಲ್ಲ. ಈ ಬಿದಿರಿನ ವಿಷಯ ಕೇಳಿ ನೋಡಿ ಚಿನ್ನಪ್ಪಾ. ತಿಳಿಯುತ್ತೆ."

ವಕೀಲರಿಗೆ ರೇಗಿಹೋಯಿತು. ಹೆಂಡತಿಯನ್ನು ಒಮ್ಮೆ ದುರುಗುಟ್ಟಿ ನೋಡಿ, ಗಾರ್ಡಿನ ಕಡೆ ತಿರುಗಿದರು.

"ಕಾಡಿನ ಗಡಿಕಲ್ಲು ಎಲ್ಲಿದೆ?"

"ಮೇಲೆ ಇದೆ, ಆ ಗುಡ್ಡದ ಹತ್ರ."

"ಬಿದಿರು?"

"ಇಲ್ಲಿ, ಹಳ್ಳದಲ್ಲಿ."

"ಈ ಹಳ್ಳಿಯವರು ಯಾರಾದ್ರೂ ಗಡಿ ದಾಟಿ ಕಡಿದದ್ದು ನೀನು ನೋಡಿದೆಯಾ?"

"ಇಲ್ಲ. ನೀರು ತಂತು."

"ಹಂಗಾದ್ರೆ ಹೋಗಿ ನೀರಿನ ಮೇಲೆ ಕೇಸು ಹಾಕು! ಬರವಣಿಗೇಲಿ ಬೇಕಾ? ಕಾಗದ ತಾ. ನಾನೇ ಬರೆದು ರುಜು ಹಾಕ್ತೀನಿ. ಮೇಲಿನವರು ಕೇಳಿದ್ರೆ ನನ್ನ ಹೆಸರು ಹೇಳು."

ಯಾರಾದರೂ ಹೆಸರು ಹಾಕಿ ಹೊಣೆ ಹೊತ್ತರೆ ಸಾಕು ಎಂದು ಚಿನ್ನಪ್ಪ ವಾರದಿಂದ ಕಾಯುತ್ತಿದ್ದನೇನೋ. ಕಾಗದ ಮಡಿಸಿ ಟೋಪಿಯೊಳಗೆ ಇಟ್ಟುಕೊಂಡು, ಮೊದಲ ಗಳುವನ್ನು ತಾನೇ ಎಳೆದು ಕೊಟ್ಟ.

ಅಶ್ವತ್ಥಪ್ಪ ಆಗ ಪಕ್ಕಕ್ಕೆ ಹೋಗಿ ಬಾಯಿ ಖಾಲಿ ಮಾಡಿ ಬಂದ. ಕೋಟು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು, "ತಕಳಿ ಸ್ವಾಮಿ. ಕೆಸರಾಗೈತೆ, ಮನಸ್ಸಿಗೆ ಹಾಕ್ಕಬೇಡಿ," ಎಂದ. ಹಳ್ಳದ ಗಾಳಿಗೆ ಅವನ ಬರಿಮೈ ಮುಳ್ಳೆದ್ದಿತು. ವಕೀಲರು ಕೋಟು ಹಿಡಿದುಕೊಂಡು ನಿಂತರು. ಅವನ ಹಿಂದೆ, ದೂರದ ದಿಣ್ಣೆಯ ಬುಡದಲ್ಲಿ, ಸೂರಿಲ್ಲದ ಗೋಡೆಗಳು ಸಾಲಾಗಿ ಕಾಣುತ್ತಿದ್ದವು. ಕೋಟನ್ನು ಮತ್ತೆ ಅವನ ಹೆಗಲ ಮೇಲೆ ಹಾಕಿದರು. ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು ಬಿದಿರಿನ ತುದಿ ಹಿಡಿದರು.

ಸೋಮವಾರ ಅವರು ಪಕ್ಕದ ಬೀದಿಯ ವಕೀಲರಿಂದ ಎರವಲು ತಂದ, ಮೊಣಕೈಗೇ ನಿಂತುಬಿಡುವ ಕೋಟಿನಲ್ಲಿ ವಾದಿಸಿ ಕೇಸು ಸೋತರು. ಆಮೇಲೆ ಪ್ರತಿ ಶನಿವಾರ ಸೀಗೇಪಲ್ಲಿಗೆ ಹೋದರು. ಕಾರ್ತಿಕ ಮುಗಿಯುವುದರೊಳಗೆ ಹದಿನೆಂಟು ಮನೆಗೂ ಸೂರು ಬಿತ್ತು.

ಭಾಗೀರಥಮ್ಮ ಮಾತ್ರ ಒಳಗೊಳಗೇ ಚಡಪಡಿಸುತ್ತಿದ್ದರು. ಗಂಡ ಕೇಳಿದರೆ ಕೊಡಲು ಏಳೆಂಟು ಸಮಜಾಯಿಷಿ ಸಿದ್ಧ ಮಾಡಿಕೊಂಡಿದ್ದರು. ಅವರು ಕೇಳಲೇ ಇಲ್ಲ. ಕೊನೆಗೆ ತಡೆಯಲಾರದೆ ಒಂದು ಮಧ್ಯಾಹ್ನ ಬಡಿಸುತ್ತಾ ಹೇಳಿಬಿಟ್ಟರು.

"ಆ ಕೋಟು ನಾನು ಬೇಕಂತಲೇ ಹಾಕಿದ್ದು."

"ಗೊತ್ತು. ನೀನು ಮಡಿಸಿ ತುರುಕಿದ್ದನ್ನ ನೋಡ್ತಾ ಇದ್ದೆ."

ಭಾಗೀರಥಮ್ಮನ ಕೈಯ ಸೌಟು ನಿಂತಿತು. "ಮತ್ತೆ ಸುಮ್ಮನಿದ್ರಿ?"

"ನೀನು ಇನ್ನೊಂದು ಸಲ ಬನ್ನಿ ಅಂತ ಕರೀಲಿಲ್ಲವಲ್ಲ," ಎಂದು ವೆಂಕಟಾಚಲಯ್ಯನವರು ಎಲೆ ಮುಂದಕ್ಕೆ ಸರಿಸಿದರು. "ಬರೋಕೆ ನನಗೂ ಒಂದು ನೆಪ ಬೇಡವೇನೆ? ಸಾರು ಹಾಕು."